ಆಂಪ್ಲಿಫೈಯರ್ ಇಲ್ಲದೆ ಕೇಳುವ ಎಲೆಕ್ಟ್ರಿಕ್ ಗಿಟಾರ್: ಗಿಬ್ಸನ್ ಇಎಸ್-335

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ನಗರದಲ್ಲಿದ್ದ ಗಿಬ್ಸನ್ ಸಂಸ್ಥೆ 1958ರಲ್ಲಿ ಹೊರತಂದ ಇಎಸ್-335 ಗಿಟಾರ್, ಆಂಪ್ಲಿಫೈಯರಿಗೆ ಜೋಡಿಸದೆ ಮೀಟಿದಾಗಲೂ, ಒಡಲೆಲ್ಲ ಗಟ್ಟಿ ಮರವಾಗಿರುವ ಗಿಟಾರಿಗಿಂತ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ. ತಂತಿ ತೀರಾ ತೆಳುವಾದ್ದರಿಂದ ಅದೊಂದೇ ಕಂಪಿಸಿದರೆ ಗಾಳಿ ಹೆಚ್ಚು ಅಲುಗುವುದಿಲ್ಲ. ಆ ಕಂಪನ ಬ್ರಿಜ್, ಅಂದರೆ ವೀಣೆಯಲ್ಲಿ ಕುದುರೆ ಎಂದು ಕರೆಯುವ ಭಾಗದ ಮೂಲಕ ಅಗಲವಾದ ತೆಳು ಹಲಗೆಗೆ ದಾಟಿದಾಗಲೇ ನಾದ ಹರಡುತ್ತದೆ. ಗಟ್ಟಿ ಒಡಲು ಸುಲಭವಾಗಿ ಅಲುಗದ ಕಾರಣ ಅದರ ದನಿ ಕ್ಷೀಣವಾಗಿದ್ದರೂ, ಶಕ್ತಿ ಬಹುಪಾಲು ತಂತಿಯಲ್ಲೇ ಉಳಿದು ಸ್ವರ ದೀರ್ಘಕಾಲ ನಿಲ್ಲುತ್ತದೆ.

ಇಎಸ್-335 ಈ ಎರಡು ಗುಣಗಳನ್ನೂ ಕೂಡಿಸಲು ಯತ್ನಿಸಿದ ವಾದ್ಯ, ಮತ್ತು ಆ ಯತ್ನದಲ್ಲಿ ಅದು ಗೆದ್ದಿದೆ ಎನ್ನಬೇಕು. ತೆಳು ಮರದ ಪದರಗಳನ್ನು ಅಂಟಿಸಿ ಮಾಡಿದ ಅದರ ಎರಡೂ ಪಕ್ಕಗಳು ಟೊಳ್ಳಾಗಿದ್ದು, ಎಫ್ ಅಕ್ಷರದಾಕಾರದ ರಂಧ್ರಗಳಿಂದ ತೆರೆದುಕೊಂಡಿವೆ. ಬ್ರಿಜ್ ಕೂತಿರುವ ನಡುಭಾಗದಲ್ಲಿ ಮಾತ್ರ ಮೇಪಲ್ ಮರದ ದಿಮ್ಮಿಯಿದೆ. ಹೀಗಾಗಿ ಪೂರ್ತಿ ಟೊಳ್ಳಾದ ಗಿಟಾರಿನಷ್ಟು ಜೋರು ಇದಕ್ಕಿಲ್ಲ. ಸ್ಪೀಕರಿನ ಸದ್ದೇ ಒಡಲನ್ನು ಮತ್ತೆ ಕಂಪಿಸುವಂತೆ ಮಾಡಿ ಊಳಿಡುವಂತಾಗುವ ಫೀಡ್‌ಬ್ಯಾಕ್ ತೊಂದರೆಯನ್ನು ತಗ್ಗಿಸುವುದು ಆ ದಿಮ್ಮಿಯ ಮುಖ್ಯ ಕೆಲಸ.