ಕಾಲು ಉಳಿಸುವ ಕಾಲ ಬಂದದ್ದು

ಗೋರೆಗಾಂವ್‌ನಿಂದ ಲೋಕಲ್ ಹಿಡಿದು ದಾದರ್‌ನಲ್ಲಿ ಇಳಿದರೆ ಪರೇಲ್ ಹತ್ತಿರವೇ. ಅಲ್ಲಿ 1941ರ ಫೆಬ್ರವರಿ 28ರಂದು ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆಯಿತು. ಆಗೆಲ್ಲ ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರಿಗೆ ಕಾಲು ಕತ್ತರಿಸುವುದೇ ಮುಖ್ಯ ದಾರಿ. ಆದರೂ ಹೆಚ್ಚಿನವರು ಬದುಕುತ್ತಿರಲಿಲ್ಲ. ರೋಗದ ಕಣಗಳು ಅಷ್ಟರಲ್ಲೇ ಶ್ವಾಸಕೋಶ ಸೇರಿರುತ್ತಿದ್ದವು. 1970ರ ದಶಕದಲ್ಲಿ ಕೀಮೋಥೆರಪಿ ಬಂದ ಮೇಲೆ ದೆಸೆ ತಿರುಗಿತು. ಇಂದು ಬಹುಪಾಲು ರೋಗಿಗಳಿಗೆ ಕೆಟ್ಟ ಮೂಳೆಯನ್ನಷ್ಟೇ ತೆಗೆದು, ಲೋಹದ ಕೀಲು ಜೋಡಿಸಿ ಕಾಲು ಉಳಿಸಲು ಸಾಧ್ಯವಿದೆ.

ಆದರೆ ತಡಮಾಡಬಾರದು. ಬೆಳೆಯುವ ಮಕ್ಕಳ ಮೊಣಕಾಲ ಬಳಿ ರಾತ್ರಿಯೂ ಬಿಡದ ನೋವು, ಊತ ಕಂಡರೆ ಆಟದ ಪೆಟ್ಟೆಂದು ಎಣ್ಣೆ ತಿಕ್ಕುತ್ತ ಕೂರಬೇಡಿ. ಮೊದಲು ಎಕ್ಸ್‌ರೇ ತೆಗೆಸಿ. ಬಯಾಪ್ಸಿ ಬೇಕೆಂದರೆ ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಂಡದಿಂದಲೇ ಮಾಡಿಸಿ. ತಪ್ಪು ಜಾಗದಲ್ಲಿ ಚುಚ್ಚಿದ ಸೂಜಿಯಿಂದ, ಉಳಿಯಬಹುದಾಗಿದ್ದ ಕಾಲೂ ಹೋದೀತು.