ಮನೆಯೊಳಗಿನ ಗಿಡಗಳು ಮತ್ತು ಗಾಳಿಯ ಶುದ್ಧತೆ

ಮನೆ, ಕಚೇರಿಗಳ ಒಳಗೆ ಕುಂಡಗಳಲ್ಲಿ ಗಿಡ ಬೆಳೆಸಿ ಅಲ್ಲಿನ ಗಾಳಿಯನ್ನು ಶುದ್ಧಗೊಳಿಸಬಹುದು ಎಂಬ ವಿಚಾರಕ್ಕೆ ಸುಮಾರು ಎರಡೂವರೆ ಶತಮಾನದ ಇತಿಹಾಸವಿದೆ. 1989ರ ನಾಸಾ ವರದಿಯಿಂದ ಇದು ಮನೆಮಾತಾಯಿತು. 2019ರ ಮರುಪರಿಶೀಲನೆ ಇದರ ಮಿತಿಯನ್ನು ತೋರಿಸಿಕೊಟ್ಟಿತು.

ಆರಂಭ

1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಆರಿಹೋದ ಗಾಜಿನ ಜಾಡಿಯೊಳಗೆ ಪುದೀನ ಗಿಡದ ಕುಡಿಯೊಂದನ್ನು ಇಟ್ಟ. ಕೆಲವು ದಿನಗಳ ನಂತರ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. 1779ರಲ್ಲಿ ಡಚ್ ವೈದ್ಯ ಯಾನ್ ಇಂಗೆನ್‌ಹೌಸ್, ಎಲೆಗಳು ಈ ಕೆಲಸವನ್ನು ಬೆಳಕಿನಲ್ಲಿ ಮಾತ್ರ ಮಾಡುತ್ತವೆ, ಕತ್ತಲಲ್ಲಿ ಅವೂ ನಮ್ಮಂತೆಯೇ ಗಾಳಿಯನ್ನು ಕೆಡಿಸುತ್ತವೆ ಎಂದು ತೋರಿಸಿದ. ತುಳಸಿ, ಸ್ನೇಕ್ ಪ್ಲಾಂಟ್ ಮೊದಲಾದವು ಇರುಳಿಡೀ ಆಮ್ಲಜನಕ ಕೊಡುತ್ತವೆ ಎಂಬ ನಂಬಿಕೆಗೆ ಉತ್ತರ ಇಲ್ಲಿಯೇ ಇದೆ. ಸ್ನೇಕ್ ಪ್ಲಾಂಟ್ ರಾತ್ರಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದು ನಿಜ. ಆದರೆ ಆಮ್ಲಜನಕ ಬಿಡಲು ಅದಕ್ಕೂ ಬೆಳಕು ಬೇಕು.

ನಾಸಾ ಪ್ರಯೋಗ

1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಪಾಶ್ಚಾತ್ಯ ದೇಶಗಳಲ್ಲಿ ಶಕ್ತಿ ಉಳಿಸಲೆಂದು ಗಾಳಿಯಾಡದ ಕಟ್ಟಡಗಳನ್ನು ಕಟ್ಟತೊಡಗಿದರು. ಪ್ಲೈವುಡ್, ಬಣ್ಣ, ಅಂಟುಗಳಿಂದ ಹೊರಬರುವ ಫಾರ್ಮಾಲ್ಡಿಹೈಡ್, ಬೆಂಜೀನ್‌ನಂಥ ಆವಿಗಳು ಒಳಗೇ ಉಳಿದು ಜನ ತಲೆನೋವು, ಕಣ್ಣುರಿಯಿಂದ ಬಳಲಿದರು. ಬಾಹ್ಯಾಕಾಶ ನೌಕೆಯ ಮುಚ್ಚಿದ ಕೋಣೆಗೂ ಇದೇ ತೊಂದರೆ. ನಾಸಾದ ವಿಜ್ಞಾನಿ ಬಿ. ಸಿ. ವೂಲ್ವರ್ಟನ್ ಮತ್ತು ಸಂಗಡಿಗರು ಒಂದು ಘನ ಮೀಟರಿಗಿಂತ ಚಿಕ್ಕದಾದ ಮುಚ್ಚಿದ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಈ ಆವಿಗಳನ್ನು ತುಂಬಿ ಅಳೆದರು. ಆವಿಯ ಪ್ರಮಾಣ ಇಳಿಯಿತು. ಎಲೆಗಳಷ್ಟೇ ಅಲ್ಲದೆ, ಬೇರಿನ ಸುತ್ತಲಿನ ಮಣ್ಣು ಮತ್ತು ಅದರೊಳಗಿನ ಸೂಕ್ಷ್ಮಜೀವಿಗಳು ಇದರಲ್ಲಿ ದೊಡ್ಡ ಪಾಲು ವಹಿಸಿದ್ದವು. ಆದ್ದರಿಂದಲೇ ವರದಿ ಬೇರಿನ ಬುಡಕ್ಕೆ ಇದ್ದಿಲಿನ ಸೋಸುಕ ಹಾಗೂ ಫ್ಯಾನ್ ಜೋಡಿಸುವ ಸಲಹೆ ಕೊಟ್ಟಿತು. ಜನರಿಗೆ ತಲುಪಿದ್ದು ಗಿಡಗಳ ಪಟ್ಟಿ ಮಾತ್ರ.

ಭಾರತದಲ್ಲಿ

ದೆಹಲಿಯ ಉದ್ಯಮಿ ಕಮಲ್ ಮೀಟಲ್ 2009ರ ಟೆಡ್ ಉಪನ್ಯಾಸದಲ್ಲಿ ಅರೆಕಾ ಪಾಮ್, ಸ್ನೇಕ್ ಪ್ಲಾಂಟ್, ಮನಿಪ್ಲಾಂಟ್ ಎಂಬ ಮೂರು ಗಿಡಗಳ ಪರವಾಗಿ ವಾದ ಮಂಡಿಸಿದರು. ಅವರ ಕಟ್ಟಡದಲ್ಲಿ 300 ಜನರಿಗೆ 1,200 ಗಿಡಗಳಿದ್ದವು. ಈ ಮೂರು ಹೆಸರುಗಳು ದೇಶದ ನರ್ಸರಿಗಳಲ್ಲೆಲ್ಲ ಪ್ರಚಾರಕ್ಕೆ ಬಂದವು. ಕರ್ನಾಟಕದಲ್ಲಿ ಗಿಡಗಳನ್ನು ಸೂರಿನಡಿ ತಂದ ಪ್ರಸಿದ್ಧ ಕಟ್ಟಡ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆ; ಇದರ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಈಚಿನದು, 2022ರ ನವೆಂಬರ್ 11ರಂದು ಉದ್ಘಾಟನೆಯಾದ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್. ಅಲ್ಲಿ ಛಾವಣಿಯಿಂದಲೇ ಬಳ್ಳಿಗಳು ಇಳಿಬಿದ್ದಿವೆ.

ಮರುಪರಿಶೀಲನೆ

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಬ್ರಯಾನ್ ಕಮಿಂಗ್ಸ್ ಮತ್ತು ಮೈಕೆಲ್ ವೇರಿಂಗ್ 12 ಅಧ್ಯಯನಗಳ 196 ಫಲಿತಾಂಶಗಳನ್ನು ಒಂದೇ ಅಳತೆಗೆ ತಂದು ನೋಡಿದರು. ಕಟ್ಟಡಗಳಲ್ಲಿ ಸಹಜವಾಗಿ ಆಡುವ ಗಾಳಿ ಹೊರಹಾಕುವಷ್ಟು ಆವಿಯನ್ನು ಗಿಡಗಳೇ ತೆಗೆಯಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕು ಎಂದು 2019ರಲ್ಲಿ ಪ್ರಕಟಿಸಿದರು. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಕಡಿಮೆಯೆಂದರೂ ನೂರಕ್ಕಿಂತ ಹೆಚ್ಚು ಕುಂಡಗಳಾದವು.

ವಿಜಯಪುರದ ಸಂದರ್ಭ

ಗಾಳಿಯ ಕೆಲಸವನ್ನು ಗಿಡಕ್ಕೆ ಬಿಡದೆ ಕಟ್ಟಡಕ್ಕೇ ಒಪ್ಪಿಸಿದ ಉದಾಹರಣೆ ಕರ್ನಾಟಕದಲ್ಲೇ ಇದೆ. ವಿಜಯಪುರದ ಕಡೆ ಸಾಂಪ್ರದಾಯಿಕ ಮನೆಯೆಂದರೆ ದಪ್ಪ ಗೋಡೆ, ಮಣ್ಣಿನ ಮಾಳಿಗೆ. ಗಿಡದ ಜಾಗ ಅಂಗಳ; ತುಳಸಿಕಟ್ಟೆ ಇರುವುದು ಅಲ್ಲೇ. ಒಳಗಿನ ಗಾಳಿಯ ಹೊಣೆ ಬೆಳಕಿಂಡಿಯದು. ಒಲೆಯ ಹೊಗೆ, ಬಿಸಿಗಾಳಿ ಮೇಲೇರಿ ಮಾಳಿಗೆಯ ಆ ಕಿಂಡಿಯಿಂದ ಹೊರಗೆ ಹೋಗುತ್ತದೆ, ಬಾಗಿಲಿನಿಂದ ಹೊಸ ಗಾಳಿ ಒಳಬರುತ್ತದೆ. ಮಳೆ ಬಂದಾಗ ಮಾತ್ರ ಅದನ್ನು ಮುಚ್ಚುತ್ತಾರೆ. ಆದರೂ ಸೌದೆ, ಕುಳ್ಳಿನ ಹೊಗೆಯನ್ನು ಹೆಣ್ಣುಮಕ್ಕಳು ತಲೆಮಾರುಗಳ ಕಾಲ ಕುಡಿದಿದ್ದಾರೆ. ಇದಕ್ಕೆ ಕರ್ನಾಟಕ ಕಂಡುಕೊಂಡ ಪರಿಹಾರ, ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ಹೊಗೆಕೊಳವೆಯ ಅಸ್ತ್ರ ಒಲೆ. ಈ ಕೇಂದ್ರ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾಯಿತು. 2016ರ ಉಜ್ವಲಾ ಯೋಜನೆ ಬಡವರ ಅಡುಗೆಮನೆಗೂ ಗ್ಯಾಸ್ ತಂದಿತು. ಮನೆಯ ಗಾಳಿಯನ್ನು ಬದಲಿಸಿದ್ದು ಬೆಳಕಿಂಡಿ, ಹೊಗೆಕೊಳವೆ, ಗ್ಯಾಸ್‌ಗಳೇ.

ಇಂದು ಆರ್‌ಸಿಸಿ ಮನೆಗಳಲ್ಲಿ ಬೆಳಕಿಂಡಿ ಮಾಯವಾಗಿದೆ. ಧೂಳು, ಬಿಸಿಲಿನ ಭಯಕ್ಕೆ ಕಿಟಕಿಗಳೂ ಮುಚ್ಚಿರುತ್ತವೆ. ಆ ಕೊರತೆಯನ್ನು ಎರಡು ಮನಿಪ್ಲಾಂಟ್ ತುಂಬಲಾರವು.

ಪಾಲನೆ

ಹಸಿರು ಕಣ್ಣಿಗೆ ತಂಪು, ಮನಸ್ಸಿಗೆ ನೆಮ್ಮದಿ; ಗಿಡ ಸಾಕಲು ಇಷ್ಟು ಕಾರಣವೇ ಸಾಕು. ಧೂಳು ಕೂತ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬಾಟಲಿಯಲ್ಲಿ ಬೆಳೆಸುವ ಮನಿಪ್ಲಾಂಟಿನ ನೀರನ್ನು ವಾರಕ್ಕೊಮ್ಮೆ ತಪ್ಪದೆ ಬದಲಿಸಬೇಕು, ಇಲ್ಲದಿದ್ದರೆ ಡೆಂಗಿ ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ಒಳಗಿನ ಗಾಳಿಯ ಚಿಂತೆ ಇದ್ದವರು ಅಡುಗೆ ಮಾಡುವಾಗ ಕಿಟಕಿ ತೆರೆದಿಡಲಿ, ಹೊಸ ಮನೆ ಕಟ್ಟುವವರು ಗಾಳಿ ಎದುರುಬದುರಾಗಿ ಆಡುವಂತೆ ಕಿಟಕಿ ಇಡಿಸಲಿ.