ಕರ್ನಾಟಕಕ್ಕಿಂತ ಮೊದಲೇ ‘ಕರ್ನಾಟಕಿ’: ಬೀಳಗಿಯ ಅಮೀರಬಾಯಿ



ಇತಿಹಾಸದ ಒಂದು ಸಣ್ಣ ಲೆಕ್ಕವನ್ನು ಮೊದಲು ನಿಮ್ಮ ಮುಂದಿಡುತ್ತೇನೆ. ಕನ್ನಡ ನಾಡು 1956ರ ನವೆಂಬರ್ 1ರಂದು ಒಂದಾದಾಗ ಅದರ ಹೆಸರು ಮೈಸೂರು ರಾಜ್ಯ. ‘ಕರ್ನಾಟಕ’ ಎಂಬ ಹೆಸರು ಅದಕ್ಕೆ ಬಂದದ್ದು 1973ರ ನವೆಂಬರ್ 1ರಂದು. ಆದರೆ ಅದಕ್ಕೂ 30 ವರ್ಷ ಮೊದಲೇ, ಅಂದರೆ 1943ರಲ್ಲಿಯೇ, ಮುಂಬಯಿಯಿಂದ ಕಲಕತ್ತೆಯವರೆಗೆ ಹಿಂದೀ ಸಿನಿಮಾ ಹಾಡು ಕೇಳುವವರೆಲ್ಲರಿಗೂ ಈ ನಾಡಿನ ಹೆಸರು ಪರಿಚಿತವಾಗಿತ್ತು. ಒಬ್ಬ ಹೆಣ್ಣುಮಗಳು ಅದನ್ನು ತನ್ನ ಹೆಸರಿನ ಜೊತೆಗೆ ಕಟ್ಟಿಕೊಂಡು ಹೋಗಿದ್ದಳು. ಆಕೆಯೇ ಅಮೀರಬಾಯಿ ಕರ್ನಾಟಕಿ. ಊರು ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿ.

ಅಮೀರಬಾಯಿಯವರು ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ. ಆಗ ಬಾಗಲಕೋಟೆ ಜಿಲ್ಲೆ ಇರಲಿಲ್ಲ. ಅದು ರಚನೆಯಾದದ್ದು 1997ರಲ್ಲಿ. ಬೀಳಗಿ, ಬಾದಾಮಿ, ಹುನಗುಂದ, ಇಳಕಲ್ಲ ಎಲ್ಲವೂ ವಿಜಾಪುರ ಜಿಲ್ಲೆಗೆ ಸೇರಿದ್ದವು. ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಯ ವ್ಯವಹಾರ ಇಂಗ್ಲಿಷ್, ಮರಾಠಿಗಳಲ್ಲಿ, ಸಂತೆಯ ಮಾತು ಕನ್ನಡದಲ್ಲಿ, ಮುಸಲ್ಮಾನರ ಮನೆಯ ಮಾತು ದಖನಿಯಲ್ಲಿ ನಡೆಯುತ್ತಿದ್ದ ಸೀಮೆ ಇದು. ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರು ಕೂಡಿ ಕನ್ನಡದ ರಿವಾಯತ್ ಪದಗಳನ್ನು ಹಾಡುವ ಸಂಪ್ರದಾಯ ಇಲ್ಲಿನದು. ನಾಟಕ ಕಂಪನಿಗಳ ಹುಚ್ಚೂ ಇಲ್ಲಿ ಬಹಳ. ‘ಕನ್ನಡದ ಶೇಕ್ಸ್‌ಪಿಯರ್’ ಎಂದು ಹೆಸರಾದ, ‘ರಕ್ತರಾತ್ರಿ’ ನಾಟಕದ ಕರ್ತೃ ಕಂದಗಲ್ಲ ಹನುಮಂತರಾಯರು ಇಳಕಲ್ಲ ಬಳಿಯ ಕಂದಗಲ್ಲಿನವರು ಎಂಬುದನ್ನು ಇಲ್ಲಿ ನೆನೆಯಬಹುದು. ಇಂಥ ಸೀಮೆಯ ಸಂಗೀತದ ಮನೆತನವೊಂದರಲ್ಲಿ ಹುಟ್ಟಿದ ಅಕ್ಕತಂಗಿಯರಲ್ಲಿ ಇಬ್ಬರು ಪ್ರಸಿದ್ಧರಾದರು: ಒಬ್ಬರು ಗೋಹರಬಾಯಿ, ಇನ್ನೊಬ್ಬರು ಅಮೀರಬಾಯಿ.

ಗೋಹರಬಾಯಿಯವರು ಮರಾಠಿ ರಂಗಭೂಮಿಯ ಮಹಾನ್ ನಟ ಬಾಲಗಂಧರ್ವರ ಕಂಪನಿಯನ್ನು 1930ರ ದಶಕದ ಕೊನೆಯಲ್ಲಿ ಸೇರಿದರು. ಸ್ತ್ರೀಪಾತ್ರಗಳಿಂದಲೇ ಲೋಕಪ್ರಸಿದ್ಧರಾಗಿದ್ದ ಬಾಲಗಂಧರ್ವರಿಗೆ ಆಗ ವಯಸ್ಸಾಗಿತ್ತು. ಅವರು ಪುರುಷ ಪಾತ್ರಕ್ಕೆ ಬಂದಾಗ ಅವರ ಸ್ತ್ರೀಪಾತ್ರಗಳನ್ನು ವಹಿಸಿದವರು ಬೀಳಗಿಯ ಗೋಹರಬಾಯಿ. ಮುಂದೆ ಅವರಿಬ್ಬರೂ ಬಾಳಸಂಗಾತಿಗಳಾದರು. ತಂಗಿ ಅಮೀರಬಾಯಿ ಹಿಡಿದದ್ದು ಸಿನಿಮಾದ ದಾರಿ.

ಹದಿಹರೆಯದಲ್ಲಿಯೇ ಅವರು ಮುಂಬಯಿಗೆ ಹೋದರು. ಮೊದಲು ಹೆಸರು ತಂದದ್ದು ಗ್ರಾಮೋಫೋನ್ ಕಂಪನಿಗೆ ಹಾಡಿದ ಒಂದು ಖವ್ವಾಲಿ ಎನ್ನುತ್ತಾರೆ. 1934ರಲ್ಲಿ ‘ವಿಷ್ಣುಭಕ್ತಿ’ ಎಂಬ ಚಿತ್ರದಲ್ಲಿ ನಟಿಸಿದರು. ವಿದ್ಯಾರ್ಥಿಗಳು ಈ ವರ್ಷವನ್ನು ಗಮನಿಸಬೇಕು. ಭಾರತದ ಸಿನಿಮಾಕ್ಕೆ ಮಾತು ಬಂದದ್ದು 1931ರಲ್ಲಿ, ‘ಆಲಂ ಆರಾ’ದಿಂದ. ಹಿನ್ನೆಲೆ ಗಾಯನ ಬಳಕೆಗೆ ಬಂದದ್ದು 1935ರಲ್ಲಿ, ಕಲಕತ್ತೆಯ ನ್ಯೂ ಥಿಯೇಟರ್ಸ್‌ನವರ ‘ಧೂಪ್ ಛಾಂವ್’ ಚಿತ್ರದಿಂದ. ಅದಕ್ಕಿಂತ ಮುಂಚೆ ನಟಿಯಾದವಳು ಕ್ಯಾಮರಾದ ಮುಂದೆ ನಿಂತು ಅಭಿನಯಿಸುತ್ತಲೇ ಹಾಡಬೇಕಿತ್ತು. ವಾದ್ಯದವರು ಕ್ಯಾಮರಾಕ್ಕೆ ಕಾಣದಂತೆ ಮರೆಯಲ್ಲಿ ಕುಳಿತು ನುಡಿಸುತ್ತಿದ್ದರು. ಒಂದು ಸ್ವರ ತಪ್ಪಿದರೂ ಇಡೀ ದೃಶ್ಯವನ್ನು ಮತ್ತೆ ತೆಗೆಯಬೇಕು. ಅಂದರೆ ಹಾಡು ಬಾರದವರಿಗೆ ನಾಯಕಿಯ ಪಾತ್ರ ಕಷ್ಟವಾಗಿದ್ದ ಕಾಲದಲ್ಲಿ ಅಮೀರಬಾಯಿ ಚಿತ್ರರಂಗ ಪ್ರವೇಶಿಸಿದರು. ಹಿನ್ನೆಲೆ ಗಾಯನ ಬಂದ ಮೇಲೆ ಬೇರೆ ನಟಿಯರಿಗೂ ಕಂಠ ಕೊಟ್ಟರು. ಎರಡೂ ಕಾಲಗಳಲ್ಲಿ ನಿಂತವರು ಬಹಳ ಮಂದಿ ಇಲ್ಲ.

ಆದರೆ ಯಶಸ್ಸು ಬೇಗನೆ ಬರಲಿಲ್ಲ. 1940ರಲ್ಲಿ ವಿಜಯ್ ಭಟ್ಟರ ‘ನರಸೀ ಭಗತ್’ ಚಿತ್ರದಲ್ಲಿ ಗಾಂಧೀಜಿಯವರಿಗೆ ಪ್ರಿಯವಾಗಿದ್ದ ನರಸಿಂಹ ಮೆಹತಾರ ಭಜನೆಗೆ ಅಮೀರಬಾಯಿ ಕಂಠ ನೀಡಿದರು. ಗುಜರಾತಿನ ಸಂತಕವಿಯ ರಚನೆ, ಬೀಳಗಿಯ ಮುಸಲ್ಮಾನ ಹೆಣ್ಣುಮಗಳ ದನಿ! ದೊಡ್ಡ ಗೆಲುವು ಬಂದದ್ದು 1943ರ ಜನವರಿಯಲ್ಲಿ ಬಿಡುಗಡೆಯಾದ, ಬಾಂಬೆ ಟಾಕೀಸಿನ ‘ಕಿಸ್ಮತ್’ ಚಿತ್ರದಿಂದ. ನಾಯಕ ಅಶೋಕ್ ಕುಮಾರ್, ನಾಯಕಿ ಮುಮ್ತಾಜ್ ಶಾಂತಿ, ಸಂಗೀತ ಅನಿಲ್ ಬಿಸ್ವಾಸ್, ಗೀತರಚನೆ ಕವಿ ಪ್ರದೀಪ್. ನಾಯಕಿಯ ಕಂಠ ಅಮೀರಬಾಯಿಯವರದು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಆ ದಾಖಲೆ ಮುರಿಯಲು 1975ರ ‘ಶೋಲೆ’ ಬರಬೇಕಾಯಿತು.

ಈ ಚಿತ್ರದಲ್ಲಿ ಅಮೀರಬಾಯಿ ಮತ್ತು ಖಾನ್ ಮಸ್ತಾನಾ ವೃಂದದೊಡನೆ ಹಾಡಿದ ಒಂದು ಗೀತೆಗೆ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಐದು ತಿಂಗಳ ಹಿಂದೆಯಷ್ಟೇ, 1942ರ ಆಗಸ್ಟ್‌ನಲ್ಲಿ, ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾಗಿತ್ತು, ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ‘ಹಿಂದುಸ್ತಾನ ನಮ್ಮದು, ದೂರ ಸರಿಯಿರಿ’ ಎಂಬ ಅರ್ಥದ ಗೀತೆಯನ್ನು ಪರದೆಯ ಮೇಲೆ ಹಾಡಲು ಬ್ರಿಟಿಷ್ ಸೆನ್ಸಾರ್ ಹೇಗೆ ಬಿಟ್ಟೀತು? ಕವಿ ಪ್ರದೀಪರು ಜಾಣತನದಿಂದ ಅದರಲ್ಲಿ ಜರ್ಮನಿ, ಜಪಾನುಗಳ ಹೆಸರು ಸೇರಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ವೈರಿಗಳ ಮೇಲೆ ಬರೆದ ಹಾಡೆಂದು ಅದು ಪಾರಾಯಿತು. ಜನರಿಗೆ ಮಾತ್ರ ನಿಜವಾದ ಅರ್ಥ ಗೊತ್ತಿತ್ತು. ಸ್ವಾತಂತ್ರ್ಯ ಹೋರಾಟದ ಪಾಠ ಮಾಡುವಾಗ ನಾವು ಸೆರೆಮನೆಗೆ ಹೋದವರ ಹೆಸರು ಹೇಳುತ್ತೇವೆ, ಹೇಳಲೇಬೇಕು. ಆ ಕಾಲದಲ್ಲಿ ಲಕ್ಷಾಂತರ ಜನರ ಬಾಯಿಗೆ ಈ ಹಾಡು ಕೊಟ್ಟ ನಮ್ಮ ಜಿಲ್ಲೆಯ ಹೆಣ್ಣುಮಗಳ ಹೆಸರನ್ನೂ ಒಂದು ಮಾತು ಸೇರಿಸಿದರೆ ತಪ್ಪೇನು?

ಮರುವರ್ಷ, 1944ರಲ್ಲಿ, ನೌಷಾದರ ಸಂಗೀತವಿದ್ದ ‘ರತನ್’ ಬಂತು. ಅದರಲ್ಲಿಯೂ ಅವರ ಹಾಡುಗಳು ಮನೆಮಾತಾದವು. 1946ರಲ್ಲಿ ಗುಜರಾತಿ ಚಿತ್ರ ‘ರಾಣಕದೇವಿ’ಗೆ ಹಾಡಿದ್ದನ್ನು ಗುಜರಾತಿಗಳು ಬಹುಕಾಲ ಮೆಚ್ಚಿ ಕೇಳಿದರು. 1947ರ ‘ಶಹನಾಯಿ’ ಚಿತ್ರಕ್ಕೆ ಸಿ. ರಾಮಚಂದ್ರರ ಸಂಗೀತದಲ್ಲಿ ಹಾಡಿದರು. 1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ಸ್ವತಃ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣುಮಕ್ಕಳು ಸಂಗೀತ ನಿರ್ದೇಶಕರಾಗುವುದು ಇಂದಿಗೂ ಅಪರೂಪವೆಂಬುದನ್ನು ನೆನೆದರೆ ಇದರ ಮಹತ್ವ ತಿಳಿದೀತು. ‘ಕನ್ನಡ ಕೋಗಿಲೆ’ ಎಂಬ ಬಿರುದೂ ಅವರಿಗೆ ಸಂದಿತು.

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾಗಿ ನಾನು ಅವರ ಹಾಡುಗಳಲ್ಲಿ ಒಂದು ಸಂಗತಿಯನ್ನು ಕಿವಿಗೊಟ್ಟು ಕೇಳುತ್ತೇನೆ: ತಲಫ್ಫುಜ್, ಅಂದರೆ ಉಚ್ಚಾರಣೆ. ನಮ್ಮ ದಖನಿಯಲ್ಲಿ ‘ಖಾಫ್’ ಮತ್ತು ‘ಖೇ’ಗಳ ಭೇದ, ‘ಜೀಮ್’ ಮತ್ತು ‘ಜೇ’ಗಳ ಭೇದ ಸುಲಭವಾಗಿ ಅಳಿಸಿಹೋಗುತ್ತದೆ. ತರಗತಿಯಲ್ಲಿ ಇದನ್ನು ತಿದ್ದುವುದೇ ನಮ್ಮ ದೊಡ್ಡ ಕೆಲಸ. ಅದೇ ದಖನಿಯ ಸೀಮೆಯಿಂದ ಹೋದ ಅಮೀರಬಾಯಿ ಉತ್ತರದವರು ಒಪ್ಪುವಂಥ ಹಿಂದುಸ್ತಾನಿಯಲ್ಲಿ ಹಾಡಿದರು, ಗುಜರಾತಿಯಲ್ಲಿಯೂ ಹಾಡಿದರು. ದನಿ ದೇವರು ಕೊಟ್ಟದ್ದಿರಬಹುದು. ಉಚ್ಚಾರಣೆ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ತಾಲೀಮಿನಿಂದಲೇ ಬರಬೇಕು. ಅವರ ಏಳಿಗೆಯನ್ನು ಕೇವಲ ‘ಕಿಸ್ಮತ್’ ಎನ್ನುವುದು ಸರಿಯಲ್ಲ.

ಬದುಕು ಮಾತ್ರ ಹಾಡಿನಷ್ಟು ಸುಖವಾಗಿರಲಿಲ್ಲ. ಹಿಮಾಲಯವಾಲಾ ಎಂಬ ಹೆಸರಿನಿಂದ ಖ್ಯಾತರಾದ ನಟನೊಂದಿಗಿನ ಮೊದಲ ವಿವಾಹ ನೋವಿನಲ್ಲಿ ಮುಗಿಯಿತು. ಆತ ಪಾಕಿಸ್ತಾನಕ್ಕೆ ಹೋದರು. ನೂರಜಹಾನ್, ಖುರ್ಷಿದ್‌ರಂಥ ಗಾಯಕ ನಟಿಯರೂ ಅತ್ತ ಹೋದರು. ಅಮೀರಬಾಯಿ ಇಲ್ಲಿಯೇ ಉಳಿದರು. ನಂತರ ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾರನ್ನು ಮದುವೆಯಾದರು.

1949ರ ಹೊತ್ತಿಗೆ ‘ಮಹಲ್’, ‘ಬರಸಾತ್’ ಚಿತ್ರಗಳೊಂದಿಗೆ ಲತಾ ಮಂಗೇಶ್ಕರರ ಯುಗ ಆರಂಭವಾಯಿತು. ಬೈಠಕ್ಕು, ರಂಗಭೂಮಿಗಳಲ್ಲಿ ಪಳಗಿದ ತುಂಬು ಕಂಠಗಳ ಬದಲು ಮೈಕಿಗೆ ಹೊಂದುವ ತೆಳು, ಎತ್ತರದ ದನಿಯತ್ತ ಜನರ ಅಭಿರುಚಿ ಹೊರಳಿತು. ಜೊಹ್ರಾಬಾಯಿ ಅಂಬಾಲೆವಾಲಿಯವರಂತೆ ಅಮೀರಬಾಯಿಯವರಿಗೂ ಹಾಡುಗಳು ಕಡಿಮೆಯಾದವು. ಇದರಲ್ಲಿ ಅವರ ದೋಷವೇನೂ ಇರಲಿಲ್ಲ, ಕಾಲ ಬದಲಾಗಿತ್ತು. ಅವರು ಮತ್ತೆ ನಟನೆಗೆ ಮರಳಿ ಪೋಷಕ ಪಾತ್ರಗಳನ್ನು ಮಾಡಿದರು. ಗಳಿಸಿದ ಹಣದ ಒಂದು ಭಾಗದಿಂದ ವಿಜಾಪುರದಲ್ಲಿ ಅಮೀರ್ ಟಾಕೀಸ್ ಎಂಬ ಚಿತ್ರಮಂದಿರ ಕಟ್ಟಿಸಿದರು. 1965ರ ಮಾರ್ಚ್ 3ರಂದು, ಪಾರ್ಶ್ವವಾಯುವಿನಿಂದ ತೀರಿಕೊಂಡರು. ದಫನ್ ಆದದ್ದು ವಿಜಾಪುರದಲ್ಲಿ. ಹೆಸರಿನಲ್ಲಿ ನಾಡನ್ನು ಹೊತ್ತವರು ನಾಡಿಗೆ ಆ ಹೆಸರು ಬರುವುದನ್ನು ನೋಡಲಿಲ್ಲ. ಎಂಟು ವರ್ಷ ಮೊದಲೇ ಹೋದರು.

ಓದುಗರೇ, ಇಷ್ಟು ದೊಡ್ಡ ಸಾಧಕಿಯನ್ನು ನಾವು ಮರೆತದ್ದು ಏಕೆ? ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಹಾಡುವವಳು’, ‘ನಾಟಕದವಳು’ ಎಂಬ ಮಾತನ್ನು ನಮ್ಮ ಕಡೆ ಹೊಗಳಿಕೆಯಾಗಿ ಬಳಸಿದವರು ಕಡಿಮೆ. ಅಕ್ಕ ಗೋಹರಬಾಯಿಯವರನ್ನು ಬಾಲಗಂಧರ್ವರ ಅಭಿಮಾನಿಗಳು ದೂಷಿಸಿದರು. ಇಬ್ಬರನ್ನೂ ಸ್ವಂತ ಊರಿನವರು ಪಿಸುಮಾತಿನಲ್ಲಿ ನೆನೆದರು. ವಿದ್ವಾಂಸರಾದ ರಹಮತ್ ತರೀಕೆರೆಯವರು ಅಮೀರಬಾಯಿಯವರ ಮೇಲೆ ಕನ್ನಡದಲ್ಲಿ ಪುಸ್ತಕ ಬರೆದು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದಾರೆ. ಅದನ್ನು ನಮ್ಮ ಶಾಲೆಗಳ ಗ್ರಂಥಾಲಯಗಳು ತರಿಸಿಕೊಳ್ಳಬೇಕು.

ಹಾಡುವುದು ಸರಿಯೇ ತಪ್ಪೇ ಎಂಬ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಅದು ನನಗೆ ತಿಳಿದಿದೆ. ಆ ಚರ್ಚೆ ಏನೇ ಇರಲಿ, ದುಡಿದು ಕಲಿತು ನಾಡಿನ ಹೆಸರನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿದ ಹೆಣ್ಣುಮಗಳನ್ನು ಇತಿಹಾಸದಿಂದಲೇ ಅಳಿಸುವ ಹಕ್ಕು ನಮಗಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಆ ಓಣಿಗಳ ಹೆಸರನ್ನು ಅವರು ಇನ್ನೂ ಹೇಳುತ್ತಾರೆ. ಹೇಳುವುದರಿಂದಲೇ ಅವು ಉಳಿದಿವೆ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ಈ ರಜೆಯಲ್ಲಿ ನಿಮ್ಮ ಅಜ್ಜ ಅಜ್ಜಿಯರನ್ನು, ನೆರೆಯ ಹಿರಿಯರನ್ನು ಕೇಳಿ: ಅಮೀರಬಾಯಿಯವರ ಹೆಸರು ಕೇಳಿದ್ದಾರೆಯೇ? ಯಾವ ಹಾಡು ನೆನಪಿದೆ? ವಿಜಾಪುರದ ಅವರ ಟಾಕೀಸಿನಲ್ಲಿ ಯಾವ ಚಿತ್ರ ನೋಡಿದ್ದರು? ಹೇಳಿದ್ದನ್ನು ಹೇಳಿದವರ ಹೆಸರು, ಊರು, ದಿನಾಂಕದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕನ್ನಡದಲ್ಲಿ ಬರೆದರೂ ಸರಿ, ಉರ್ದುವಿನಲ್ಲಿ ಬರೆದರೂ ಸರಿ. ‘ಕಿಸ್ಮತ್’ ನೋಡಿದ ಪೀಳಿಗೆಯವರು ಇನ್ನು ಕೆಲವರೇ ಉಳಿದಿದ್ದಾರೆ, ಆದ್ದರಿಂದ ತಡಮಾಡಬೇಡಿ.